ಶಿಖರ ಬೇಡ, ಬಯಲು ಸಾಕು

ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪ, ಬಾಳೆಲೆ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಹೆಚ್ಚಾಗಿದೆ. ಮೊದಲೆಲ್ಲ ಊಟಿ, ಹೆಚ್ಚೆಂದರೆ ದೆಹಲಿ, ಆಗ್ರಾ ಎನ್ನುತ್ತಿದ್ದವರು ಈಗ ಹಿಮದ ಮಾತಾಡುತ್ತಾರೆ. ಹಿಮ ನೋಡಿ ಬಂದರೆ ಸಾಲದು, ಸ್ಕೀಯಿಂಗ್ ಕಲಿಯಬೇಕು ಎಂಬ ಆಸೆ ಮಕ್ಕಳಿಗಷ್ಟೇ ಅಲ್ಲ, ಐವತ್ತು ದಾಟಿದವರಿಗೂ ಹುಟ್ಟಿದೆ. ಆದರೆ ಕೇಳುವವರೆಲ್ಲರ ದನಿಯಲ್ಲಿ ಎರಡು ಅಳುಕು ಇರುತ್ತವೆ. ಬಿದ್ದು ಕಾಲು ಮುರಿದುಕೊಂಡರೆ ತೋಟ ನೋಡುವವರು ಯಾರು? ಖರ್ಚು ಕೈಮೀರಿದರೆ? ಇವೆರಡನ್ನೂ ನಾನು ಹೇಡಿತನ ಎಂದುಕೊಳ್ಳುವುದಿಲ್ಲ. ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಸರಿಯಾದ ಉತ್ತರ ಈ ಅಳುಕಿನಿಂದಲೇ ಹೊರಡಬೇಕು ಎಂಬುದು ನನ್ನ ನಂಬಿಕೆ.

ಹಿಮಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಸಂಗತಿ ನೆನಪಿಸಬೇಕು. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿ ತೆರೆದ 19ನೇ ಡಿವಿಷನ್ನಿನ ದಂಡನಾಯಕರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದೇ ವರ್ಷ ಡಿಸೆಂಬರಿನಲ್ಲಿ, ಅವರ ಮುಂದಾಳತ್ವದಲ್ಲಿಯೇ, ಗುಲ್ಮಾರ್ಗದಲ್ಲಿ ಸೇನೆಯ ಒಂದು ಸ್ಕೀ ಶಾಲೆ ಆರಂಭವಾಯಿತು ಎಂಬುದು ಎಷ್ಟು ಜನರಿಗೆ ಗೊತ್ತಿದೆಯೋ ಕಾಣೆ. 19ನೇ ಡಿವಿಷನ್ನಿನ ಆ ಸ್ಕೀ ಶಾಲೆಯೇ ಮುಂದೆ ಬೆಳೆದು ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಹಿಮದ ಎತ್ತರಗಳಲ್ಲಿ ಚಳಿಗಾಲವಿಡೀ ಕಾವಲು ನಿಲ್ಲಬೇಕಾದ ಸೈನಿಕರಲ್ಲಿ ಬಯಲುಸೀಮೆಯವರು, ಕರಾವಳಿಯವರು, ಹಿಮವನ್ನೇ ಕಾಣದವರು ಎಷ್ಟೋ ಮಂದಿ. ಕಲಿಸದೆ ಅವರನ್ನು ಮೇಲೆ ಕಳಿಸುವಂತಿರಲಿಲ್ಲ. ಕೊಡಗಿನ ಒಬ್ಬ ಸೇನಾಧಿಕಾರಿಗೆ ಆ ಕಾಶ್ಮೀರ ಯುದ್ಧ ಮುಗಿಯುವ ಮೊದಲೇ ಶಾಲೆ ಬೇಕೆನಿಸಿತು ಎಂಬುದೇ ನನ್ನ ಇಡೀ ವಾದಕ್ಕೆ ಆಧಾರ. ಹಿಮದ ಮೇಲೆ ಹೊಸಬರಿಗೆ ಮೊದಲು ಬೇಕಾದ್ದು ಶಾಲೆ. ಪರ್ವತದ ಸರದಿ ಆಮೇಲೆ.

ಭಯ ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ಇಳಿಜಾರಿನ ಮೇಲೆ ನಿಂತು ಕೆಳಗೆ ನೋಡಿದ ಕೂಡಲೇ ಹೆದರಿದ ಮೈ ಹಿಂದಕ್ಕೆ ವಾಲುತ್ತದೆ. ನೆಲದ ಮೇಲೆ ಅದು ಜಾಣತನ. ಸ್ಕೀ ಮೇಲೆ ಅದೇ ಅಪಾಯ. ಭಾರ ಹಿಮ್ಮಡಿಗೆ ಹೋದಾಗ ಸ್ಕೀಯ ಮುಂಭಾಗ ಹಿಮವನ್ನು ಕಚ್ಚುವುದಿಲ್ಲ, ತಿರುಗಿಸಿದರೆ ತಿರುಗುವುದಿಲ್ಲ, ವೇಗ ಏರುತ್ತದೆ. ವೇಗ ಏರಿದಷ್ಟೂ ಭಯ ಹೆಚ್ಚಿ ಮೈ ಇನ್ನಷ್ಟು ಹಿಂದೆ ವಾಲುತ್ತದೆ. ಹಾಗೆ ಹಿಂದೆ ಕೂತಂತೆ ಬೀಳುವಾಗಲೇ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಸಂಭವ ಹೆಚ್ಚು. ಬಿಡಿಸಿಕೊಳ್ಳುವ ದಾರಿ ಒಂದೇ: ಮೊಣಕಾಲು ಮಡಿಸಿ, ಕಣಕಾಲನ್ನು ಬೂಟಿನ ಮುಂಭಾಗಕ್ಕೆ ಒತ್ತಿ, ಭಾರವನ್ನು ಮುಂದೆ ತರುವುದು. ಪೊನ್ನಂಪೇಟೆಯ ಟರ್ಫಿನ ಮೇಲೆ ಚೆಂಡಿಗೆ ಕಾದು ನಿಂತ ಹಾಕಿ ಹುಡುಗಿಯ ನಿಲುವು ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆಯೇ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿನಿಂದ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ತಂಡದಲ್ಲಿ ಆಡಿದ ನಾಡು ಇದು. ಆ ನಿಲುವು ನಮ್ಮವರಿಗೆ ಹೊಸದಲ್ಲ, ಅದನ್ನು ಜಾರುವ ನೆಲದ ಮೇಲೆ ಉಳಿಸಿಕೊಳ್ಳುವ ಅಭ್ಯಾಸವಷ್ಟೇ ಹೊಸದು.

ಆಸ್ಟ್ರಿಯದ ಹಾನೆಸ್ ಶ್ನೈಡರ್ ಎಂಬ ಶಿಕ್ಷಕ ಕಳೆದ ಶತಮಾನದ ಆರಂಭದಲ್ಲಿ ಈ ಅಭ್ಯಾಸವನ್ನು ಪಾಠಕ್ರಮವಾಗಿ ಕಟ್ಟಿದ. ಸೇಂಟ್ ಆಂಟನ್ ಎಂಬ ಊರಿನಲ್ಲಿ ಅವನು ನಡೆಸಿದ ಶಾಲೆಯಲ್ಲಿ ಹೊಸಬರು ಮೊದಲು ಸ್ಕೀಗಳ ತುದಿಗಳನ್ನು ಹತ್ತಿರ ತಂದು, ಹಿಂಭಾಗವನ್ನು ಅಗಲಿಸಿ, ನಿಧಾನವಾಗಿ ಇಳಿಯಲು ಕಲಿಯುತ್ತಿದ್ದರು. ಅದು ಬಂದ ಮೇಲೆ ತಿರುವು, ತಿರುವು ಬಂದ ಮೇಲೆ ಕಡಿದಾದ ಇಳಿಜಾರು. ಹಿಂದಿನ ಪಾಠ ಕೂರದೆ ಮುಂದಿನದಿಲ್ಲ. ಇಂದಿಗೂ ಜಗತ್ತಿನ ಬಹುಪಾಲು ಸ್ಕೀ ಶಾಲೆಗಳು ನಡೆಯುವುದು ಈ ಕ್ರಮದ ನೆರಳಿನಲ್ಲೇ. ಮೊದಲ ದಿನವೇ ಮೇಲಕ್ಕೆ ಕರೆದೊಯ್ಯುತ್ತೇನೆ ಎನ್ನುವವನು ಶಿಕ್ಷಕನಲ್ಲ ಎಂದು ತಿಳಿಯಿರಿ.

ಹಾಗಾದರೆ ಜಾಗ ಆರಿಸುವಾಗ ನೋಡಬೇಕಾದ್ದು ಶಿಖರದ ಎತ್ತರವನ್ನಲ್ಲ, ಇಳಿಜಾರಿನ ಕೊನೆಯನ್ನು. ಕಲಿಯುವವನು ಬ್ರೇಕ್ ಹಾಕಲು ಮರೆತರೂ ಇಳಿಜಾರು ತಾನಾಗಿ ಸಮತಟ್ಟಾಗಿ ಅವನನ್ನು ನಿಲ್ಲಿಸಬೇಕು. ಕೊನೆಯಲ್ಲಿ ಮರ, ಬೇಲಿ, ರಸ್ತೆ, ಚಹಾದಂಗಡಿ ಇರಬಾರದು. ಗುಲ್ಮಾರ್ಗಕ್ಕೆ ಈ ಗುಣ ಹುಟ್ಟಿನಿಂದಲೇ ಬಂದಿದೆ. ಸುಮಾರು 2,650 ಮೀಟರ್ ಎತ್ತರದ ಅಗಲವಾದ ಹುಲ್ಲುಬಯಲು ಅದು. ಬೇಸಿಗೆಯಲ್ಲಿ ಗಾಲ್ಫ್ ಆಡುವ ಆ ಮೈದಾನದ ಅಂಚಿನ ಮೆಲು ಏರುಗಳೇ ಚಳಿಗಾಲದಲ್ಲಿ ಹೊಸಬರ ಪಾಠಶಾಲೆ. 1927ರಲ್ಲಿ ಬ್ರಿಟಿಷ್ ಅಧಿಕಾರಿಗಳು ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದ್ದೂ ಇಲ್ಲೇ. ಆದರೆ ಇದೇ ಊರಿನ ಗೊಂಡೊಲ ಎಂಬ ಕೇಬಲ್ ಕಾರಿನ ಎರಡನೇ ಹಂತ ಅಫರ್‌ವಟ್ ಪರ್ವತದ ಭುಜದ ಮೇಲೆ 3,900 ಮೀಟರಿಗೂ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದಾಚೆಗಿನ ಇಳಿಜಾರುಗಳಲ್ಲಿ ನುರಿತ ವಿದೇಶಿ ಸ್ಕೀಯರ್‌ಗಳೇ ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದಾರೆ. 2023 ಮತ್ತು 2024ರ ಫೆಬ್ರವರಿಗಳಲ್ಲಿ ಅಂಥ ಸಾವುಗಳಾದವು. ಕಲಿಯಲು ಹೋದವರು ನೋಟಕ್ಕಾಗಿ ಬೇಕಾದರೆ ಮೇಲೆ ಹೋಗಿ ಅದೇ ಗೊಂಡೊಲದಲ್ಲಿ ಇಳಿಯಲಿ. ಸ್ಕೀ ಕಟ್ಟಿಕೊಂಡು ಹೋಗಬಾರದು.

ಉತ್ತರಾಖಂಡದ ಔಲಿ ಎರಡನೆಯ ಹೆಸರು. ವಿಮಾನದ ಖರ್ಚು ಬೇಡವೆನ್ನುವವರು ರೈಲಿನಲ್ಲಿ ಹರಿದ್ವಾರ ಅಥವಾ ಋಷಿಕೇಶ ತಲುಪಿ, ಅಲ್ಲಿಂದ ಗಂಗೆಯ, ಮುಂದೆ ಅಲಕನಂದಾ ನದಿಯ ದಡ ಹಿಡಿದು ಒಂದು ಹಗಲು ಪೂರ್ತಿ ರಸ್ತೆಯಲ್ಲಿ ಸಾಗಿ ಜೋಶಿಮಠ ಸೇರಬಹುದು. ಇಳಿಜಾರು ಒಳ್ಳೆಯದು, ಎದುರಿಗೆ ನಂದಾದೇವಿ. ಜೋಶಿಮಠದಿಂದ ಮೇಲೆ ಹೋಗುತ್ತಿದ್ದ ರೋಪ್‌ವೇ ಮಾತ್ರ 2023ರ ಜನವರಿಯಲ್ಲಿ ಆ ಊರಿನ ನೆಲವೇ ಕುಸಿಯತೊಡಗಿದಾಗ ನಿಂತಿತು. ಹಿಮದ ಭರವಸೆಯೂ ಅಲ್ಲಿ ಕಡಿಮೆ. ಅದೇ ವರ್ಷ ಹಿಮವಿಲ್ಲದೆ ರಾಷ್ಟ್ರೀಯ ಚಳಿಗಾಲದ ಕ್ರೀಡೆಗಳನ್ನೇ ಕೈಬಿಡಬೇಕಾಯಿತು. ಮನಾಲಿಯ ಸೋಲಂಗ್ ಕಣಿವೆ ಎಲ್ಲಕ್ಕಿಂತ ಹೆಸರುವಾಸಿ, ಎಲ್ಲಕ್ಕಿಂತ ನೂಕುನುಗ್ಗಲು. ಪ್ರವಾಸಿಗರು, ಟ್ಯೂಬಿನಲ್ಲಿ ಜಾರುವವರು, ಹಿಮದ ಸ್ಕೂಟರುಗಳು ಎಲ್ಲವೂ ಒಂದೇ ಬಯಲಲ್ಲಿ. ಅಳುಕಿನವರಿಗೆ ಅದು ಜಾಗವಲ್ಲ, ಮನಾಲಿಯ ಪರ್ವತಾರೋಹಣ ಸಂಸ್ಥೆಯ ತರಬೇತಿ ಶಿಬಿರಕ್ಕೆ ಸೇರಿದರೆ ಮಾತ್ರ ಬೇರೆ ಮಾತು.

ಇಂಥ ಸಂಸ್ಥೆಗಳ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ದುಡ್ಡಿನ ಪ್ರಶ್ನೆಗೆ ಉತ್ತರ ಅಲ್ಲಿದೆ. ಗುಲ್ಮಾರ್ಗದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಅಂಡ್ ಮೌಂಟನೀರಿಂಗ್ ಇದೆ. ಮನಾಲಿಯಲ್ಲಿ 1961ರಲ್ಲಿ ಆರಂಭವಾಗಿ ಈಗ ಅಟಲ್ ಬಿಹಾರಿ ವಾಜಪೇಯಿ ಹೆಸರು ಹೊತ್ತಿರುವ ಪರ್ವತಾರೋಹಣ ಸಂಸ್ಥೆ ಇದೆ. ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮ ಒಂದು ವಾರದ, ಎರಡು ವಾರದ ಕೋರ್ಸುಗಳನ್ನು ನಡೆಸುತ್ತ ಬಂದಿದೆ. ಇವುಗಳಲ್ಲಿ ಒಂದೇ ಶುಲ್ಕದಲ್ಲಿ ವಸತಿ, ಊಟ, ಸ್ಕೀ, ಬೂಟು, ಶಿಕ್ಷಕ ಎಲ್ಲವೂ ಸೇರುತ್ತವೆ. ಮಲಗುವುದು ಹಲವರ ಜೊತೆಗಿನ ಕೋಣೆಯಲ್ಲಿ, ಬೆಳಗಿನ ವ್ಯಾಯಾಮ ತಪ್ಪುವುದಿಲ್ಲ, ವಯಸ್ಸಿನ ಮಿತಿ ಮತ್ತು ವೈದ್ಯರ ಪ್ರಮಾಣಪತ್ರದ ಷರತ್ತುಗಳೂ ಇರುತ್ತವೆ. ಆದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸ್ಕೀ, ಗಂಟೆ ಲೆಕ್ಕದಲ್ಲಿ ಗೈಡ್, ಮೇಲೆ ಫೋಟೊದವನ ಕೂಲಿ ಎಂದು ಬಿಡಿಬಿಡಿಯಾಗಿ ಕೊಡುವುದಕ್ಕೆ ಹೋಲಿಸಿದರೆ ಇದು ಎಷ್ಟೋ ಅಗ್ಗ. ಒಂದು ಗಂಟೆಯ ಬಾಡಿಗೆಯಲ್ಲಿ ಬೂಟು ಹಾಕಿ ನಾಲ್ಕು ಹೆಜ್ಜೆ ಇಟ್ಟು ಬೀಳುವುದಷ್ಟೇ ಆಗುತ್ತದೆ. ಎದ್ದು ನಿಲ್ಲುವುದನ್ನು ಕಲಿಯುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಆ ಒಂದು ಗಂಟೆಯಿಂದ ಹುಟ್ಟಿದ ಭಯವನ್ನು ಜೀವನವಿಡೀ ಇಟ್ಟುಕೊಂಡವರನ್ನು ನಾನು ಬಲ್ಲೆ.

ಶಿಬಿರದ ಶಿಸ್ತು ಬೇಡ, ಕುಟುಂಬವಾಗಿ ಹೋಗುತ್ತೇವೆ ಎನ್ನುವವರು ಕೋಣೆಯ ಬಾಡಿಗೆ ಉಳಿಸಲು ಗುಲ್ಮಾರ್ಗದಿಂದ 13 ಕಿ.ಮೀ. ಕೆಳಗಿನ ತಂಗ್‌ಮಾರ್ಗದಲ್ಲಿ ತಂಗಬಹುದು. ಹಿಮ ಬಿದ್ದ ದಿನ ಅಲ್ಲಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಬೇಕು ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಉಳಿಸಿದ ದುಡ್ಡನ್ನು ಒಳ್ಳೆಯ ಶಿಕ್ಷಕನ ಸತತ ಕೆಲವು ದಿನಗಳ ಪಾಠಕ್ಕೆ ಕೊಡಿ. ಬಟ್ಟೆ ಕೊಳ್ಳಲು ಹೋಗಬೇಡಿ, ಹೊರಪದರವನ್ನು ಬಾಡಿಗೆಗೆ ಪಡೆಯಿರಿ. ಒಳಗೆ ಹತ್ತಿ ಬೇಡ, ಉಣ್ಣೆ ಇರಲಿ. ಜೀನ್ಸ್ ಅಂತೂ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ನಮ್ಮಲ್ಲಿ ಸೇನೆಯಿಂದ ನಿವೃತ್ತರಾದವರು ಇಲ್ಲದ ಕೇರಿಯಿಲ್ಲ. ಅವರ ಪೆಟ್ಟಿಗೆಯಲ್ಲಿ ಉಣ್ಣೆಯ ಒಳಅಂಗಿ, ಕೈಗವಸು ಸಿಗುತ್ತವೆ, ಜೊತೆಗೆ ಚಳಿಯಲ್ಲಿ ಬದುಕುವ ಬುದ್ಧಿಮಾತೂ ಸಿಗುತ್ತದೆ.

ಬಾಡಿಗೆಯ ಬೂಟಿನ ವಿಷಯದಲ್ಲಿ ಮಾತ್ರ ಸಂಕೋಚಪಡಬೇಡಿ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್ ಬಿದ್ದಾಗ ತಾನಾಗಿ ಬಿಟ್ಟುಕೊಳ್ಳಬೇಕು. ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ನಿಮ್ಮ ತೂಕ, ಎತ್ತರ, ಅನುಭವ ನೋಡಿ ತಿರುಪಿನಿಂದ ಹೊಂದಿಸಬೇಕು. ಹಿಂದಿನ ಗಿರಾಕಿಗೆ ಹೊಂದಿಸಿದ್ದನ್ನೇ ನಿಮಗೆ ಕೊಟ್ಟರೆ, ಬಿದ್ದಾಗ ಸ್ಕೀ ಬಿಡದೆ ಕಾಲನ್ನು ತಿರುಚುತ್ತದೆ. ನನ್ನ ತೂಕ ಇಷ್ಟು, ಹೊಂದಿಸಿಕೊಡಿ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಅಂಗಡಿಯಿಂದ ಎದ್ದು ಬನ್ನಿ. ಎತ್ತರವನ್ನೂ ಮರೆಯಬೇಡಿ. ಪೊನ್ನಂಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿ. ಅಲ್ಲಿಂದ ನೇರ 2,650 ಮೀಟರಿಗೆ ಏರಿದ ದಿನ ಉಸಿರು ಬೇಗ ಸೋಲುತ್ತದೆ, ಆ ದಿನ ಸುಮ್ಮನೆ ನಡೆದಾಡಿ. ಪ್ರವಾಸದ ವಿಮೆ ಮಾಡಿಸಿದ್ದರೆ ಅದರಲ್ಲಿ ಸಾಹಸಕ್ರೀಡೆ ಸೇರಿದೆಯೇ ನೋಡಿ, ಸಾಮಾನ್ಯವಾಗಿ ಸೇರಿರುವುದಿಲ್ಲ.

ಕಾಶ್ಮೀರದ ಮಾತು ಬಂದಾಗ ಇನ್ನೊಂದು ಭಯವನ್ನು ಮುಚ್ಚಿಡಬಾರದು. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ನಡೆದ ಕೊಲೆಗಳಲ್ಲಿ ಶಿವಮೊಗ್ಗದ, ಬೆಂಗಳೂರಿನ ಮನೆಗಳೂ ತಮ್ಮವರನ್ನು ಕಳೆದುಕೊಂಡವು. ಆ ನೋವು ಇನ್ನೂ ಹಸಿಯಾಗಿದೆ. ಹೋಗಲು ಮನಸ್ಸೊಪ್ಪದವರನ್ನು ಯಾರೂ ಒತ್ತಾಯಿಸಬಾರದು, ಅಂಥವರಿಗೆ ಔಲಿ ಇದೆ, ಮನಾಲಿಯ ಸಂಸ್ಥೆ ಇದೆ. ಹೋಗುವವರು ಹೊರಡುವ ವಾರದ ಸರ್ಕಾರಿ ಸೂಚನೆಗಳನ್ನು ನೋಡಿಯೇ ಹೊರಡಬೇಕು.

ಯಾವಾಗ ಹೋಗುವುದು ಎಂಬುದು ನಮ್ಮ ಕಡೆಯವರಿಗೆ ದುಡ್ಡಿಗಿಂತ ದೊಡ್ಡ ತೊಡಕು. ಹಿಮ ಚೆನ್ನಾಗಿರುವ ಜನವರಿ, ಫೆಬ್ರವರಿ ತಿಂಗಳುಗಳೇ ರೊಬಸ್ಟಾ ಕೊಯ್ಲಿನ ತಿಂಗಳುಗಳು. ಕಣದಲ್ಲಿ ಕಾಫಿ ಹರಡಿಕೊಂಡಿರುತ್ತದೆ, ಕೆಲಸದವರನ್ನು ಹಿಡಿದಿಟ್ಟುಕೊಳ್ಳಬೇಕು, ಕರಿಮೆಣಸು ಕಾಯುತ್ತಿರುತ್ತದೆ. ಕೊಯ್ಲು ಮುಗಿಯಿತು ಎನ್ನುವಷ್ಟರಲ್ಲಿ ಕಾಫಿ ಹೂವರಳಿಸುವ ಹೂಮಳೆಯ ಚಿಂತೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಯಿಸಬೇಕು. ಹೀಗಾಗಿ ತೋಟದವರಿಗೆ ಬಿಡುವು ಸಿಗುವುದು ಮಾರ್ಚಿನ ಸುಮಾರಿಗೆ, ಅದೂ ಮನೆಯಲ್ಲಿ ಒಬ್ಬರು ಉಳಿದರೆ. ಆ ಹೊತ್ತಿಗೆ ಔಲಿ, ಸೋಲಂಗ್‌ಗಳ ಹಿಮ ನೀರಾಗತೊಡಗಿರುತ್ತದೆ. ಗುಲ್ಮಾರ್ಗದಲ್ಲಿ ಮಾರ್ಚ್ ನಡುವಿನವರೆಗೂ ಆಸೆ ಇಟ್ಟುಕೊಳ್ಳಬಹುದು. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಹಿಮವಿಲ್ಲದೆ ಬರಿದಾಗಿ ನಿಂತಿತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮದ ಕೊರತೆಯಿಂದ ಮುಂದೂಡಿ ಮಾರ್ಚಿನಲ್ಲಿ ನಡೆಸಿದರು. ನಮ್ಮ ಹೂಮಳೆ ದಾರಿ ತಪ್ಪಿರುವಂತೆ ಅಲ್ಲಿನ ಹಿಮವೂ ತಪ್ಪುತ್ತಿದೆ. ತಡವಾಗಿ ಹೋಗಬೇಕಾದ ನಮಗೆ ಗುಲ್ಮಾರ್ಗವೇ ಹೊಂದುತ್ತದೆ ಎನ್ನಲು ಇದೂ ಒಂದು ಕಾರಣ.

ಆ ಖೇಲೋ ಇಂಡಿಯಾ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಕೊಡಗಿನ ಹೆಣ್ಣುಮಗಳು ತೆಕ್ಕಡ ಭವಾನಿ. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಸ್ಪರ್ಧೆಯಲ್ಲಿ ಅವರು ಕಂಚನ್ನೂ ಗೆದ್ದರು. ಅವರ ವಿಭಾಗ ಕ್ರಾಸ್ ಕಂಟ್ರಿ, ಅಂದರೆ ಇಳಿಜಾರಿನಿಂದ ಧುಮುಕುವುದಲ್ಲ, ಹಿಮದ ಬಯಲಲ್ಲಿ ಕಾಲು ಮತ್ತು ತೋಳಿನ ಬಲದಿಂದ ದೂರ ಸಾಗುವುದು. ಬೂಟು ಹಗುರ, ಹಿಮ್ಮಡಿ ಬಿಡುವಾಗಿರುತ್ತದೆ, ಲಿಫ್ಟಿನ ಖರ್ಚಿಲ್ಲ, ವೇಗ ನಮ್ಮ ಹಿಡಿತದಲ್ಲೇ ಇರುತ್ತದೆ. ಅಳುಕು ಹೆಚ್ಚಿರುವವರಿಗೆ, ವಯಸ್ಸಾದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಾಡಿಗೆ ಅಂಗಡಿಗಳು ಇಟ್ಟುಕೊಳ್ಳುವುದು ಹೆಚ್ಚಾಗಿ ಇಳಿಜಾರಿನ ಸ್ಕೀಗಳನ್ನೇ ಆದ್ದರಿಂದ ಕ್ರಾಸ್ ಕಂಟ್ರಿ ಸಲಕರಣೆ ಸಿಗುತ್ತದೆಯೇ ಎಂದು ಸಂಸ್ಥೆಗೆ ಮುಂಚೆಯೇ ಬರೆದು ಕೇಳಬೇಕು. ಹಿಮವೇ ಬೀಳದ ಜಿಲ್ಲೆಯವರೊಬ್ಬರು ಇಷ್ಟು ದೂರ ಹೋಗಿರುವಾಗ ನಮ್ಮ ಶಾಲೆಗಳು, ಕ್ರೀಡಾ ಸಂಘಗಳು ಪ್ರತಿ ವರ್ಷ ನಾಲ್ಕು ಮಕ್ಕಳನ್ನಾದರೂ ಇಂಥ ಕೋರ್ಸುಗಳಿಗೆ ಕಳಿಸಲಾರವೇ?

ನನ್ನ ತೀರ್ಮಾನ ಇಷ್ಟು: ಪೊನ್ನಂಪೇಟೆಯಿಂದ ಹೊರಡುವ ಅಳುಕಿನ ಹೊಸಬರಿಗೆ, ಕೈ ಬಿಗಿಯಿದ್ದರೆ, ಗುಲ್ಮಾರ್ಗದ ಕೆಳಬಯಲು ಮತ್ತು ಅಲ್ಲಿನ ಸರ್ಕಾರಿ ಸಂಸ್ಥೆಯ ಕೋರ್ಸು. ಅಲ್ಲಿ ಜಾಗ ಸಿಗದಿದ್ದರೆ, ಅಥವಾ ಕಾಶ್ಮೀರಕ್ಕೆ ಮನಸ್ಸಿಲ್ಲದಿದ್ದರೆ, ಹೇಗಾದರೂ ಬೇಗ ಬಿಡುವು ಮಾಡಿಕೊಂಡು ಯುವಕರು ಮನಾಲಿಯ ಸಂಸ್ಥೆಗೆ, ಉಳಿದವರು ಔಲಿಗೆ ಹೋಗಲಿ. ಕೋರ್ಸುಗಳ ಸ್ಥಾನಗಳು ಬೇಗ ತುಂಬುತ್ತವೆ. ಮಾರ್ಚಿನಲ್ಲಿ ಹೋಗಬೇಕೆಂದಿರುವವರು ಕೊಯ್ಲು ಶುರುವಾಗುವ ಮೊದಲೇ ಸಂಸ್ಥೆಯ ಕಚೇರಿಗೆ ಬರೆದು ತಾರೀಕು, ಶುಲ್ಕ, ವಯಸ್ಸಿನ ಮಿತಿ ಕೇಳಿಕೊಳ್ಳಿ, ಟಿಕೆಟನ್ನು ಆಮೇಲೆ ತೆಗೆಯಿರಿ.