ರೊಟ್ಟಿ ಯಾವಾಗಲೂ ತುಪ್ಪಕ್ಕೇ ಜಾರಬೇಕೆ?

ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನವರು (ಕೆನಡಾದ್ದಲ್ಲ) ಕೊಲಂಬಿಯಾ ನದಿ ದಾಟಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಕೊಂಡ ಟಿವಿಗೆ ಊರಲ್ಲಿ 'ಬಳಕೆ ತೆರಿಗೆ' ಕಟ್ಟುವುದು ಎರಡೆರಡು ಬಾರಿಯ ಸುಲಿಗೆ ಎಂದು ಈ ತೆರಿಗೆಯ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಗುಡುಗಿದ್ದಾರೆ. ಮೊದಲನೆಯ ಬಾರಿ ಯಾವುದು ಸ್ವಾಮಿ? ಆರೆಗಾನ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ! ಬೇರೆ ರಾಜ್ಯದಲ್ಲಿ ಕಟ್ಟಿದ್ದರೆ ಅಷ್ಟನ್ನು ವಾಷಿಂಗ್ಟನ್ ಕಳೆದೇ ಲೆಕ್ಕ ಹಾಕುತ್ತದೆ. 1935ರಿಂದಲೂ ಇರುವ ಏರ್ಪಾಡಿದು. ಆರೆಗಾನ್ ಸಂಬಳದ ಮೇಲೆ ಆದಾಯ ತೆರಿಗೆ ಹಾಕುತ್ತದೆ, ವಾಷಿಂಗ್ಟನ್ ಹಾಕುವುದಿಲ್ಲ; ಅದರ ಬೊಕ್ಕಸ ನಿಂತಿರುವುದೇ ಬಹುಪಾಲು ಮಾರಾಟದ ಮೇಲೆ. ದುಡಿಮೆ ವಾಷಿಂಗ್ಟನ್ನಿನಲ್ಲಿ, ಖರೀದಿ ಆರೆಗಾನಿನಲ್ಲಿ, ತೆರಿಗೆ ಎಲ್ಲೂ ಬೇಡವೆಂದರೆ ರಸ್ತೆಗೆ ಡಾಂಬರು ಹಾಕುವವರು ಯಾರು? ಲೇಖಕರು ಮುಟ್ಟದ ನಿಜವಾದ ದೋಷ ಬೇರೆಯೇ ಇದೆ. ಕಾರು, ದೋಣಿಗಳು ನೋಂದಣಿಯ ವೇಳೆ ಸಿಕ್ಕಿಬೀಳುತ್ತವೆ. ಸೋಫಾ, ಟಿವಿಗಳನ್ನು ಕೇಳುವವರಿಲ್ಲ. ತಾವಾಗಿಯೇ ಘೋಷಿಸಿದವರಷ್ಟೇ ಕಟ್ಟುತ್ತಾರೆ.