ಎಷ್ಟು ಕಟಾ ಬರುತ್ತೆ ಅನ್ನುವುದೇ ತಪ್ಪು ಪ್ರಶ್ನೆ

ಕರಾಟೆಗೆ ಹೋಗುವ ಮಗುವನ್ನು ಕಂಡರೆ ನಾವು ಕೇಳುವುದು ಎರಡೇ: ಯಾವ ಬೆಲ್ಟು? ಎಷ್ಟು ಕಟಾ ಬರುತ್ತೆ? ಮಗು ಬೆರಳು ಮಡಚಿ ಎಣಿಸುತ್ತದೆ. ಒಂಬತ್ತು ಎಂದರೆ ಬೆನ್ನು ತಟ್ಟುತ್ತೇವೆ, ಎರಡು ಎಂದರೆ ‘ಇನ್ನೂ ಅಷ್ಟೇನಾ?’ ಅನ್ನುತ್ತೇವೆ. ಎರಡು ಎಂದ ಮಗುವೇ ಸರಿಯಾಗಿ ಕಲಿಯುತ್ತಿರಬಹುದು ಎಂಬುದು ನನ್ನ ವಾದ.

ಕಟಾ ಎಂದರೆ ಎದುರಾಳಿಯನ್ನು ಕಲ್ಪಿಸಿಕೊಂಡು ಒಬ್ಬರೇ ಮಾಡುವ ಹೊಡೆತ, ತಡೆ, ತಿರುವುಗಳ ಗೊತ್ತಾದ ಸರಣಿ. ಶೋಟೊಕಾನ್ ಪದ್ಧತಿಯಲ್ಲಿ ಇಂದು ಸಾಮಾನ್ಯವಾಗಿ 26 ಕಟಾಗಳಿವೆ. ಆದರೆ ಆ ಪದ್ಧತಿಯ ಮೂಲಪುರುಷ ಗಿಚಿನ್ ಫುನಾಕೊಶಿ, ತಾವು ಟೆಕ್ಕಿ ಎಂಬ ಮೂರು ಕಟಾಗಳಿಗೇ ಹತ್ತು ವರ್ಷ ಕೊಡಬೇಕಾಯಿತು ಎಂದು ಬರೆದುಕೊಂಡಿದ್ದಾರೆ. ಟೆಕ್ಕಿಯಲ್ಲಿ ನೋಡಲು ಚೆಂದವಾದ ನೆಗೆತಗಳೇನೂ ಇಲ್ಲ. ಕುದುರೆಯೇರಿದವರಂತೆ ಕಾಲಗಲಿಸಿ ನಿಂತು ಒಂದೇ ಗೆರೆಯಲ್ಲಿ ಎಡಕ್ಕೂ ಬಲಕ್ಕೂ ಸರಿಯುವುದಷ್ಟೇ. ಕಾದಾಟಕ್ಕೆ ಹೆಸರಾದ ಒಕಿನಾವಾದ ಚೋಕಿ ಮೊಟೊಬು ತಮ್ಮ ವಿದ್ಯೆಯನ್ನೆಲ್ಲ ಕಟ್ಟಿದ್ದು ಇದೇ ಕಟಾದ ಹಳೆಯ ರೂಪವಾದ ನೈಹಾಂಚಿಯ ಮೇಲೆ. ಕಾನ್ಬುನ್ ಉಯೆಚಿ ಚೀನಾದಿಂದ ತಂದು ಕಲಿಸಿದ್ದು ಮೂರೇ ಕಟಾ.

ಹಾಗಾದರೆ ಈ ಎಣಿಕೆ ಎಲ್ಲಿಂದ ಬಂತು? ಬೆಲ್ಟಿನಿಂದ. ಕರಾಟೆ ಈ ದರ್ಜೆಗಳನ್ನು ಜೂಡೊದಿಂದ ಪಡೆಯಿತು. ಫುನಾಕೊಶಿ ಮೊದಲ ಬಾರಿಗೆ ಡಾನ್ ಪದವಿ ಕೊಟ್ಟದ್ದು 1924ರಲ್ಲಿ. ಆಮೇಲೆ ಬೆಲ್ಟಿಗೊಂದು ಕಟಾ ಎಂಬ ಪಠ್ಯಕ್ರಮ ಬೆಳೆಯಿತು. ನಮ್ಮೂರುಗಳ ಎಷ್ಟೋ ತರಗತಿಗಳಲ್ಲಿ ಅದು ಮೂರು ತಿಂಗಳಿಗೊಂದು ಪರೀಕ್ಷೆಯಾಗಿದೆ: ಹೊಸ ಬಣ್ಣ, ಹೊಸ ಕಟಾ, ಹೊಸ ಶುಲ್ಕ. ಕಲಿಕೆಯ ವೇಗವನ್ನು ಮಗುವಿನ ಮೈ ನಿರ್ಧರಿಸಬೇಕಿತ್ತು, ಪರೀಕ್ಷೆಯ ದಿನಾಂಕ ನಿರ್ಧರಿಸುತ್ತಿದೆ.

ಇದಕ್ಕೆ ಆಕ್ಷೇಪಗಳಿವೆ. ಶಾಲಾಮಕ್ಕಳಿಗೆಂದು ಐದು ಪಿನಾನ್ ಕಟಾಗಳನ್ನು ರೂಪಿಸಿದವರು ಹಳೆಯ ಗುರು ಆಂಕೊ ಇತೊಸು ಅವರೇ ಅಲ್ಲವೆ? ಹೌದು. ಆದರೆ ಒಂದೊಂದು ಪಟ್ಟನ್ನೂ ಮತ್ತೆ ಮತ್ತೆ ಮಾಡಿ, ಅದನ್ನು ಎಲ್ಲಿ ಹೇಗೆ ಬಳಸಬೇಕೆಂದು ತಿಳಿಯಬೇಕು ಎಂದು 1908ರ ಪತ್ರದಲ್ಲಿ ಹೇಳಿದವರೂ ಅವರೇ. ಕೆನ್ವಾ ಮಬುನಿ ಹತ್ತಾರು ಕಟಾ ಕೂಡಿಹಾಕಲಿಲ್ಲವೆ? ಕೂಡಿಹಾಕಿದರು, ಅದಕ್ಕೆ ನಾವು ಋಣಿಗಳು. ಆದರೆ ನಿಘಂಟು ಬರೆದವರಿಗೆ ಗೌರವ ಕೊಡುವುದು ಬೇರೆ, ಭಾಷೆ ಕಲಿಯಲು ಬಂದವರಿಗೆ ನಿಘಂಟು ಬಾಯಿಪಾಠ ಮಾಡಿಸುವುದು ಬೇರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸುತ್ತಿಗೊಂದು ಬೇರೆ ಕಟಾ ಮಾಡಬೇಕಿತ್ತಲ್ಲ ಎನ್ನುವವರಿಗೆ ನನ್ನ ಉತ್ತರ: ಅದು ಸ್ಪರ್ಧೆಯ ನಿಯಮ, ಕಲಿಕೆಯದಲ್ಲ.

ಒಂದನ್ನೇ ಮಾಡಿದರೆ ಮಕ್ಕಳಿಗೆ ಬೇಸರವಾಗುತ್ತದೆ ಎಂಬ ಮಾತು ಮಾತ್ರ ಸುಳ್ಳಲ್ಲ. ಗಾಳಿಗೆ ಗುದ್ದುತ್ತಲೇ ಇದ್ದರೆ ಯಾರಿಗೂ ಬೇಸರವೇ. ಎದುರಿಗೆ ಜೊತೆಗಾರರನ್ನು ನಿಲ್ಲಿಸಿ ನೋಡಿ. ಹೊಡೆಯುವಾಗ ಸೊಂಟಕ್ಕೆ ಎಳೆದುಕೊಳ್ಳುವ ಇನ್ನೊಂದು ಕೈ ಆಗ ಬರೀ ಭಂಗಿಯಾಗಿ ಉಳಿಯುವುದಿಲ್ಲ. ಅದು ಎದುರಾಳಿಯ ಮಣಿಕಟ್ಟು ಹಿಡಿದು ಸೆಳೆಯುವ ಕೈ ಆಗುತ್ತದೆ. ಹಾಗೆ ಹುಡುಕುತ್ತ ಹೋದರೆ ಇಪ್ಪತ್ತೊಂದು ಚಲನೆಗಳ ಹೆಯಾನ್ ಶೋದಾನ್ ಒಂದೇ ಒಂದು ವರ್ಷಕ್ಕೆ ಸಾಕು.

ಸಂಖ್ಯೆ ಹೇಳಲೇಬೇಕೆಂದರೆ ಹೇಳುತ್ತೇನೆ: ಮೊದಲ ಮೂರು ವರ್ಷಕ್ಕೆ ಮೂರು ಕಟಾ. ಕೈಲಿರುವ ಕಟಾದ ಪ್ರತಿ ಚಲನೆಯನ್ನೂ ಜೊತೆಗಾರರ ಮೇಲೆ ಮಾಡಿ ತೋರಿಸಲು ಬರುವ ತನಕ ಮುಂದಿನದು ಬೇಡ. ಬೆಲ್ಟು ಕಾಯಲಿ.

ಈ ಸಲ ಪಕ್ಕದ ಮನೆಯ ಮಗು ಬಿಳಿ ಬಟ್ಟೆ ತೊಟ್ಟು ಬಂದರೆ ಎಣಿಸಲು ಹೇಳಬೇಡಿ. ‘ಈ ಕೈ ಯಾಕೆ ಮೇಲೆ ಹೋಗುತ್ತೆ? ನನ್ನ ಮೇಲೆ ಮಾಡಿ ತೋರಿಸು’ ಅನ್ನಿ. ಅದಕ್ಕೆ ಉತ್ತರ ಬರದಿದ್ದರೆ ತಪ್ಪು ಮಗುವಿನದಲ್ಲ.