ವೃಷಭಾವತಿಗೆ ವಿಷ ಬಿಟ್ಟವರನ್ನು ಕೇಳೋಣ, ಬನ್ನಿ!

ಬೈರಮಂಗಲ ಕೆರೆ ಬಯಲಿನ ರೈತ ಬಂಧುಗಳೇ, ತಾಯಂದಿರೇ, ಪೀಣ್ಯದ ಕಾರ್ಮಿಕರೇ!

ಕೆರೆ ಕೋಡಿ ಹತ್ತಿರ ಹೋಗಿ ನಿಂತು ನೋಡಿ. ರಾಶಿ ರಾಶಿ ನೊರೆ! ಗಾಳಿ ಬೀಸಿದರೆ ಹಾರಿ ಬಂದು ಮಕ್ಕಳ ಮುಖಕ್ಕೆ ಮೆತ್ತುತ್ತೆ. ನೀರಿಗೆ ಕಾಲಿಟ್ಟವರಿಗೆ ರಾತ್ರಿಯೆಲ್ಲ ತುರಿಕೆ. ಬೋರ್‌ವೆಲ್ ನೀರನ್ನು ಬಾಯಿಗಿಡೋ ಹಾಗಿಲ್ಲ.

ಈ ಕೆರೆಗೆ ಹರಿದು ಬರೋ ವೃಷಭಾವತಿ, ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಅಂತ ಹಿರಿಯರು ಕೈಮುಗಿದ ಹೊಳೆ! ಇವತ್ತು ಅದರಲ್ಲಿ ಹರಿಯೋದು ಬೆಂಗಳೂರಿನ ಕಕ್ಕಸು ನೀರು. ಜೊತೆಗೆ ಪೀಣ್ಯದಂಥ ಕಡೆಯ ಕಾರ್ಖಾನೆಗಳ ಕೊಳೆ. ಪ್ಲೇಟಿಂಗ್ ತೊಟ್ಟಿಗಳ ಕ್ರೋಮಿಯಂ, ನಿಕ್ಕಲ್. ಸೀಸ. ಕ್ಯಾಡ್ಮಿಯಂ. ಕತ್ತಲಾಗೋದೇ ತಡ, ರಾಜಕಾಲುವೆಗೆ ಬಿಡ್ತಾರೆ!

ಕುದಿಸಿ ಕುಡಿದರೆ ಆಯ್ತು ಅಂದ್ಕೋಬೇಡಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ಸೀಸ ಸಾಯಲ್ಲ. ಅದು ಎಳೆ ಮಗುವಿನ ಮೆದುಳನ್ನೇ ಕೆಡಿಸುತ್ತೆ. ಓದಿದ್ದು ತಲೆಗೆ ಹತ್ತಲ್ಲ ಅಂತ ನಾವು ಮಗುವನ್ನೇ ಬೈತೀವಿ! ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಇಳಿದರೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತೆ.

ಭತ್ತ ಬೆಳೆದ ಗದ್ದೆಯಲ್ಲಿ ಈಗ ಸೀಮೆಹುಲ್ಲು. ಹುಲ್ಲು ಹಸುವಿಗೆ, ಹಾಲು ಡೈರಿಗೆ. ಪಟ್ಟಣದ ಅಕ್ಕಂದಿರೇ, ನಿಮ್ಮ ಮಗುವಿನ ಲೋಟಕ್ಕೂ ಇದೇ ದಾರಿ! ಇಲ್ಲಿನ ಸೊಪ್ಪಿನಲ್ಲಿ, ಹಾಲಿನಲ್ಲಿ ಲೋಹ ಸೇರಿದೆ ಅಂತ ಸಂಶೋಧಕರು ಪರೀಕ್ಷೆ ಮಾಡಿಯೇ ಹೇಳಿದ್ದಾರೆ. ಆಮೇಲೇನಾಯ್ತು? ಆ ಕಡೆಯ ಸೊಪ್ಪು ಕೊಳ್ಳಬೇಡಿ ಅಂದರು. ರೈತನ ಹೊಟ್ಟೆ ಮೇಲೆ ಹೊಡೆದರು. ವಿಷ ಬಿಟ್ಟವನ ಗೇಟು ಇವತ್ತಿಗೂ ತೆರೆದೇ ಇದೆ!

ಬರಿಗೈಲಿ ಆಸಿಡ್ ತೊಟ್ಟಿ ಮುಂದೆ ನಿಂತಿರೋ ತಮ್ಮಾ, ನಿನ್ನ ಕೈಯ ಹುಣ್ಣೂ ನಮ್ಮ ಕಾಲಿನ ಹುಣ್ಣೂ ಒಂದೇ ನೀರಿಂದ ಆಗಿದ್ದು. ನಿನ್ನ ಕೆಲಸ ಹೋಗಲಿ ಅಂತ ನಾವು ಕೇಳ್ತಿಲ್ಲ. ಶುದ್ಧೀಕರಣ ಘಟಕಕ್ಕೆ ಹಾಕಬೇಕಾದ ದುಡ್ಡನ್ನು ಮಾಲೀಕ ಉಳಿಸಿಕೊಂಡು, ನಮ್ಮ ನಿಮ್ಮ ಮೈಯಿಂದ ವಸೂಲಿ ಮಾಡ್ತಿದ್ದಾನೆ!

ಜಲಮಾಲಿನ್ಯ ತಡೆಯೋ ಕಾನೂನು 1974ರಿಂದ ಇದೆ. ಘಟಕ ನಡೆಯದಿದ್ದರೆ ಕಾರ್ಖಾನೆ ನಡೆಯಕೂಡದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಅದನ್ನು ಜಾರಿ ಮಾಡೋದು ಬಿಟ್ಟು, ಕೊಳೆಗೆ ಬೇರೆ ಕಾಲುವೆ ತೋಡಿ ಕೆಳಕ್ಕೆ ಸಾಗಿಸ್ತೀವಿ ಅಂದರೆ ನಾವು ಒಪ್ಪಲ್ಲ. ಕೆಳಗೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಅಲ್ಲಿ ಕುಡಿಯೋರೂ ಮನುಷ್ಯರೇ!

ರಾತ್ರಿ ಕಾಲುವೆಗೆ ಕೊಳೆ ಸುರಿಯೋ ಟ್ಯಾಂಕರ್ ಕಂಡರೆ ಗಾಡಿ ನಂಬರು, ಹೊತ್ತು, ಜಾಗ ಬರೆದಿಡಿ. ಫೋಟೊ ತೆಗೆಯಿರಿ. ಒಬ್ಬೊಬ್ಬರೇ ಅಡ್ಡ ಹೋಗಬೇಡಿ.

ಮುಂದಿನ ಗ್ರಾಮಸಭೆಗೆ ಮನೆಗಿಬ್ಬರು ಬನ್ನಿ. ಹೆಣ್ಣುಮಕ್ಕಳು ಮುಂದಿನ ಸಾಲಲ್ಲಿ ಕೂರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಸಭೆಗೆ ಬರಲೇಬೇಕು. ಬೋರ್‌ವೆಲ್, ಮಣ್ಣು, ಹಾಲು, ಮಕ್ಕಳ ರಕ್ತ, ಎಲ್ಲದರ ಪರೀಕ್ಷೆ ಆಗಬೇಕು. ಫಲಿತಾಂಶವನ್ನು ಪಂಚಾಯ್ತಿ ಗೋಡೆ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ಇಷ್ಟನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ. ಗಟ್ಟಿಯಾಗಿ ಓದಿಸಿ ಕೇಳಿ. ಆಮೇಲೆ ಸಹಿ ಹಾಕಿ!